ಹುಬ್ಬಳ್ಳಿಯಲ್ಲಿ ಬುಧವಾರದ ಟೆಕ್ನೋ ರಾತ್ರಿ

ವಿದ್ಯಾನಗರದ ಹೋಟೆಲೊಂದರ ಮೇಲಿನ ಮಹಡಿಯಲ್ಲಿ ಪ್ರತಿ ಬುಧವಾರ ಟೆಕ್ನೋ, ಹೌಸ್ ಎಂಬ ಎಲೆಕ್ಟ್ರಾನಿಕ್ ನೃತ್ಯ ಸಂಗೀತ ಶುರುವಾಗಿದೆ. ಮೂರು ವಾರ ಹೋಗಿ ಬಂದೆ. ಶನಿವಾರ ಎಲ್ಲ ಕಡೆ ಅದೇ ಸಿನಿಮಾ ಹಾಡು, ಡಿಜೆ ಹತ್ತಿರ ಹೋಗಿ ಆ ಹಾಡು ಹಾಕಿ ಈ ಹಾಡು ಹಾಕಿ ಅನ್ನುವವರೇ ಜಾಸ್ತಿ, ಆದರೆ ವಾರದ ನಡುವೆ ಬರುವವರು ಕೇಳಲೆಂದೇ ಬರುತ್ತಾರೆ. ಮೊದಲ ವಾರ ಹದಿನೈದು ಜನ ಇದ್ದೆವು. ಮೊನ್ನೆ ನಲವತ್ತರ ಹತ್ತಿರ.

ಡಿಜೆಗೆ ಅವಸರವಿಲ್ಲ. ನಿಮಿಷಕ್ಕೆ 118 ಬೀಟ್‌ನಲ್ಲಿ ಶುರು ಮಾಡಿ ಮೆಲ್ಲಗೆ 130ಕ್ಕೆ ತರುತ್ತಾರೆ, ವೇಗ ಏರಿದ್ದೇ ಗೊತ್ತಾಗುವುದಿಲ್ಲ. ಗಂಗೂಬಾಯಿ ಹಾನಗಲ್ ಅವರ ಊರು ನಮ್ಮದು, ನಿಧಾನದ ವಿಲಂಬಿತದಿಂದ ವೇಗದ ದ್ರುತ್‌ಗೆ ಏರುವ ಸುಖ ನಮ್ಮ ಕಿವಿಗೆ ಹೊಸದಲ್ಲ ಅಲ್ವಾ? 1980ರ ದಶಕದ ಡೆಟ್ರಾಯಿಟ್ ಟೆಕ್ನೋ, ಶಿಕಾಗೋ ಹೌಸ್ ಎರಡನ್ನೂ ಹಾಕಿದರು. ರೋಲ್ಯಾಂಡ್ 909 ಡ್ರಮ್ ಮಷೀನಿನ ಕಿಕ್ ಡ್ರಮ್ ಸದ್ದು ಎದೆಗೆ ಬಡಿದಾಗ ಸುಮ್ನೆ ಕಣ್ಣು ಮುಚ್ಚಿ ನಿಂತುಬಿಟ್ಟೆ.

ಬೇಸ್ ಮಾತ್ರ ಸರಿಯಿಲ್ಲ. ಬೇಸ್ ಕೊಡುವ ಸ್ಪೀಕರ್, ಅಂದರೆ ಸಬ್‌ವೂಫರನ್ನು ಮೂಲೆಗೆ ಒತ್ತಿ ಇಟ್ಟಿದ್ದಾರೆ, ಗೋಡೆ ಪಕ್ಕ ಗುಂಯ್ ಅನ್ನುತ್ತದೆ, ನಡುವೆ ನಿಂತರೆ ಬೇಸೇ ಇಲ್ಲ. ದಯವಿಟ್ಟು ಜಾಗ ಬದಲಿಸಿ ನೋಡಿ. ಗಾಜಿನ ಕಿಟಕಿಗಳಿಗೆ ದಪ್ಪ ಪರದೆಯೂ ಬೇಕು.

ಪ್ರವೇಶ 200 ರೂಪಾಯಿ, ಕೊಡಬಹುದು. ಒಂದು ತಾಸು ಮೊದಲೇ ಶುರು ಮಾಡಿದರೆ ಧಾರವಾಡದ ಗೆಳೆಯರಿಗೆ ವಾಪಸ್ ಹೋಗಲು ಚಿಗರಿ ಬಸ್ ಸಿಗುತ್ತದೆ, ಮೊನ್ನೆ ಇಬ್ಬರು ಒಳ್ಳೆಯ ಹೊತ್ತಿನಲ್ಲೇ ಎದ್ದು ಹೋಗಬೇಕಾಯಿತು.