ಕೌಲ್ ಬಜಾರಿನ ಕಟಿಂಗ್ ಅಂಗಡಿ: ಕತ್ತರಿಗೆ ಐದು ಸ್ಟಾರ್, ವಾದಕ್ಕೆ ಎರಡು

ಅಂಗಡಿ ಹೆಸರು ಬರೆಯುವುದಿಲ್ಲ. ಮಾಲೀಕರೇ ಬೇಡ ಅಂದರು, ಈಗಲೇ ಭಾನುವಾರ ಕೂರೋಕೆ ಜಾಗ ಇಲ್ಲವಂತೆ. ಬಳ್ಳಾರಿ ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿದೆ. ಆ ಕಡೆಯವರಿಗೆ ಓದುತ್ತಾ ಓದುತ್ತಾ ಯಾವುದು ಅಂತ ತಾನಾಗೇ ಗೊತ್ತಾಗುತ್ತೆ.

ಕೆಲಸದ ವಿಷಯ ಮೊದಲು ಮುಗಿಸುತ್ತೇನೆ. ಕಟಿಂಗ್ 100 ರೂಪಾಯಿ, ಶೇವಿಂಗ್ 50. ಮೂರು ಕುರ್ಚಿ. ಗೋಡೆ ಪಕ್ಕದ್ದು ಹಿಂದಕ್ಕೆ ಬಾಗಲ್ಲ, ಅದು ಸಿಕ್ಕರೆ ಶೇವಿಂಗ್ ಬೇಡ ಅನ್ನಿ. ಬ್ಲೇಡು ನಿಮ್ಮ ಕಣ್ಣೆದುರಿಗೇ ಹೊಸದು ಹಾಕುತ್ತಾರೆ. ಮಷೀನ್ ಹಿಡಿಯೋದು ಕಡಿಮೆ, ಕತ್ತರಿ ಕೆಲಸವೇ ಜಾಸ್ತಿ, ಕಿವಿ ಹಿಂದಿನ ಕೂದಲನ್ನು ಇಷ್ಟು ನೀಟಾಗಿ ತೆಗೆಯೋರನ್ನು ನಾನು ಬೇರೆ ಕಡೆ ನೋಡಿಲ್ಲ. ತಲೆ ಮಾಲೀಶ್ ಮಾಡಿಸಿಕೊಂಡರೆ ಹತ್ತು ನಿಮಿಷ ನಿದ್ದೆ ಗ್ಯಾರಂಟಿ. ಫ್ಯಾನ್ ಒಂದೇ, ಏಪ್ರಿಲ್‌ನಲ್ಲಿ ಅದು ಬಿಸಿ ಗಾಳಿಯನ್ನೇ ತಿರುಗಿಸುತ್ತೆ, ಅದಕ್ಕೆ ಯಾರೇನು ಮಾಡೋಕಾಗುತ್ತೆ, ಬಳ್ಳಾರಿ ಅಲ್ವಾ.

ಸಮಸ್ಯೆ ಇರೋದು ಕಾಯೋದರಲ್ಲಿ. ಭಾನುವಾರ ಒಂದೂವರೆ ಗಂಟೆ. ಆ ಒಂದೂವರೆ ಗಂಟೆ ಬೆಂಚಿನ ಮೇಲೆ ಸುಮ್ನೆ ಕೂತು ನೀವು ಕೇಳಬೇಕಾಗೋದು ಏನು ಅಂದರೆ, ಮನುಷ್ಯ ಕೋತಿಯಿಂದ ಬಂದನಾ, ಬ್ರಹ್ಮ ಮಾಡಿದನಾ. ಸುಮಾರು ದಿನದಿಂದ ಇದೇ ನಡೆದಿದೆ. ಬ್ರಹ್ಮನ ಕಡೆ ಗ್ರಾನೈಟ್ ವ್ಯಾಪಾರದ ಸಾವ್ಕಾರ್ರು, ಡಾರ್ವಿನ್ ಕಡೆ ಮೆಡಿಕಲ್ ರೆಪ್ ಹುಡುಗ, ಮಧ್ಯೆ ಪೇಪರ್ ಹಿಡಿದ ರಿಟೈರ್ಡ್ ಸಂಸ್ಕೃತ ಮೇಷ್ಟ್ರು. ನಾನು ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆಯೋನು, ನನ್ನನ್ನು ಯಾರೂ ಕೇಳಲ್ಲ. ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕಿ ನೋಡುತ್ತೇನೆ, ಅಷ್ಟೇ. ಹಾಗೆ ನೋಡಿ ನೋಡಿ ಗೊತ್ತಾಗಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ದೂರು ಜಾಸ್ತಿ ಇರೋದು ರೆಪ್ ಹುಡುಗನ ಮೇಲೆ. ಅವನ ಪಕ್ಷ ಸರಿ. ಅದಕ್ಕೇ ಹೊಟ್ಟೆ ಉರಿಯೋದು.

ಶುರುವಾಗಿದ್ದು ಪಠ್ಯಪುಸ್ತಕದಿಂದ. 2023ರಲ್ಲಿ ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿ ವಿಜ್ಞಾನದಲ್ಲಿ ಜೀವವಿಕಾಸದ ಭಾಗ ತೆಗೆದರು, ಪಾಠದ ಹೆಸರಿನಲ್ಲಿ ಬರೀ ಅನುವಂಶೀಯತೆ ಉಳಿಯಿತು. ಸಾವ್ಕಾರ್ರ ಮೊಮ್ಮಗಳು ಸಿಬಿಎಸ್‌ಇ, ಓದೋದು ಅದೇ ಪುಸ್ತಕ. "ತೆಗೆದ್ರು ಅಂದ್ರ ಸುಳ್ಳು ಅಂತ ಅವರಿಗೇ ಗೊತ್ತಾಗೈತಿ" ಅಂದರು. ನನಗೆ ನಗು ಬಂತು. ಲೆಕ್ಕದ ಪುಸ್ತಕದಿಂದ ಸಾಲದ ಪುಟ ಹರಿದುಬಿಟ್ಟರೆ ಸಾಲ ತೀರುತ್ತಾ?

ಆಮೇಲೆ ಎಲ್ಲರಿಗೂ ಗೊತ್ತಿರೋ ಆ ಪ್ರಶ್ನೆ ಬಂತು. "ಕೋತಿ ಮನುಷ್ಯ ಆತು ಅಂತೀಯಲ್ಲ, ಅಂಜನಾದ್ರಿ ಗುಡ್ಡದಾಗ ಇನ್ನಾ ಅಷ್ಟು ಕೋತಿ ಅದಾವಲ್ಲ, ಅವು ಯಾಕ ಆಗಿಲ್ಲ?" ಇದಕ್ಕೆ ಹುಡುಗ ಏನಂದ ಗೊತ್ತಾ? "ಆಗ್ತಾವ, ಟೈಮ್ ಬೇಕು ಅಂಕಲ್." ಅಯ್ಯೋ! ಇಂದಿನ ಕೋತಿ ಮನುಷ್ಯ ಆಯಿತು ಅಂತ ವಿಜ್ಞಾನ ಎಲ್ಲೂ ಹೇಳಿಲ್ಲ. ಸಾವ್ಕಾರ್ರು ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿ ಅದಕ್ಕೆ ಹೊಡೆಯುತ್ತಿದ್ದರೆ, ಇವನು ಹೋಗಿ ಆ ಬೊಂಬೆಯ ಅಂಗಿ ತೊಟ್ಟುಕೊಂಡು ನಿಂತ. ನಮ್ಮಜ್ಜ ಸಿರುಗುಪ್ಪ ಕಡೆಯವರು. ನಮ್ಮಪ್ಪ ಬಳ್ಳಾರಿಗೆ ಬಂದರು, ದೊಡ್ಡಪ್ಪ ಅಲ್ಲೇ ಭತ್ತ ಬೆಳೆದುಕೊಂಡು ಉಳಿದರು. ನಾನು ಬಳ್ಳಾರಿಯವನಾದೆ ಅಂತ ದೊಡ್ಡಪ್ಪನ ಮಕ್ಕಳು ಇಲ್ಲದ ಹಾಗೆ ಆಗಬೇಕಾ? ಗುಡ್ಡದ ಕೋತಿಗೂ ನಮಗೂ ಅಜ್ಜ ಒಬ್ಬನೇ, ಆದರೆ ಆ ಅಜ್ಜ ಇದ್ದದ್ದು ಸುಮಾರು 2.5 ಕೋಟಿ ವರ್ಷದ ಹಿಂದೆ. ಚಿಂಪಾಂಜಿ ಇನ್ನೂ ಹತ್ತಿರದ ನೆಂಟ, ನಾವಿಬ್ಬರೂ ಬೇರೆಯಾಗಿ 60-70 ಲಕ್ಷ ವರ್ಷ ಆಗಿದೆ. ಇಷ್ಟು ಹೇಳೋಕೆ ಅವನಿಗೆ ಬರಲಿಲ್ಲ. ಬದಲಿಗೆ ಮೊಬೈಲ್ ತೆಗೆದು, ಬಗ್ಗಿದ ಕೋತಿ ಹೆಜ್ಜೆ ಹೆಜ್ಜೆಗೂ ನೆಟ್ಟಗಾಗಿ ಮನುಷ್ಯನಾಗುತ್ತಲ್ಲ, ಆ ಚಿತ್ರ ತೋರಿಸಿದ. ಆ ಸಾಲು ಚಿತ್ರವೇ ಅರ್ಧ ಗೊಂದಲಕ್ಕೆ ಕಾರಣ.

ಮೇಷ್ಟ್ರು ಬಾಯಿಬಿಟ್ಟ ಭಾನುವಾರ ಮಾತ್ರ ಕಾದದ್ದಕ್ಕೂ ಲಾಭ ಆಯಿತು. ಸಾವ್ಕಾರ್ರು "ಅದು ಥಿಯರಿ ಅಷ್ಟೇ ಬಿಡ್ರಿ, ಥಿಯರಿ ಬ್ಯಾರೆ, ಪ್ರಾಕ್ಟಿಕಲ್ ಬ್ಯಾರೆ" ಅಂದಿದ್ದರು. ಮೇಷ್ಟ್ರು ಪೇಪರ್ ಮಡಚಿ, "ಸಾವ್ಕಾರ್ರೇ, ಇದಕ್ಕ ನ್ಯಾಯಶಾಸ್ತ್ರದಾಗ ಛಲ ಅಂತಾರ" ಅಂದರು. ನ್ಯಾಯಶಾಸ್ತ್ರ ಅಂದರೆ ಕೋರ್ಟಿನದಲ್ಲ, ನಮ್ಮ ಹಳೇ ತರ್ಕಶಾಸ್ತ್ರ. ಛಲವೂ ಅಷ್ಟೇ, ನಾವು ಹಟಕ್ಕೆ ಛಲ ಅಂತೀವಲ್ಲ, ಅದಲ್ಲ. ಎದುರಿನವನ ಮಾತಿಗೆ ಬೇರೆ ಅರ್ಥ ಹಚ್ಚಿ ಅವನನ್ನು ಬೀಳಿಸೋದು. ಅವರು ಕೊಟ್ಟ ಹಳೇ ಉದಾಹರಣೆ ಬಹಳ ಚೆನ್ನಾಗಿದೆ. ಒಬ್ಬ 'ಇವನ ಹತ್ತಿರ ನವಕಂಬಳ ಇದೆ' ಅಂತಾನೆ, ಹೊಸ ಕಂಬಳಿ ಅಂತ ಅವನ ಅರ್ಥ. ಇನ್ನೊಬ್ಬ 'ಎಲ್ಲಿದೆ ಒಂಬತ್ತು ಕಂಬಳಿ, ಒಂದೇ ಕಾಣುತ್ತಲ್ಲ' ಅಂತಾನೆ. ನವ ಅಂದರೆ ಹೊಸದೂ ಹೌದು, ಒಂಬತ್ತೂ ಹೌದು. ಥಿಯರಿ ಕಥೆಯೂ ಅದೇ. ಐಟಿಐ ಹುಡುಗರ ಥಿಯರಿ ಬೇರೆ, ಪತ್ತೇದಾರಿ ಕಥೆಯವರ ಊಹೆ ಬೇರೆ, ವಿಜ್ಞಾನದಲ್ಲಿ ಥಿಯರಿ ಅಂದರೆ ಸಾಕ್ಷಿಗಳ ರಾಶಿಯನ್ನು ಒಟ್ಟಿಗೆ ಹಿಡಿದು ವಿವರಿಸೋದು. ರೋಗ ಕ್ರಿಮಿಯಿಂದ ಬರುತ್ತೆ ಅನ್ನೋದೂ ಥಿಯರಿಯೇ, ಹಾಗಂತ ಈ ಅಂಗಡಿಯಲ್ಲಿ ಹಳೇ ಬ್ಲೇಡು ಹಾಕಿದರೆ ಸಾವ್ಕಾರ್ರು ಸುಮ್ಮನಿರುತ್ತಾರಾ?

ಇಷ್ಟು ಒಳ್ಳೇ ಮಾತು ನಡೆಯೋವಾಗ ಹುಡುಗ ಅದನ್ನೂ ಕೆಡಿಸಿದ. "ದಿನಾ ಗುಡಿಗೆ ಹೋಗೋರಿಗೆ ಸೈನ್ಸ್ ಎಲ್ಲಿ ತಿಳೀತೈತಿ" ಅಂದ. ವಾದ ಬಿಟ್ಟು ಆಳಿನ ಮೇಲೆ ಬೀಳೋದು ಅಂದರೆ ಇದು. ಡಾಬ್‌ಜಾನ್‌ಸ್ಕಿ ಅಂತ ಒಬ್ಬರು ದೊಡ್ಡ ತಳಿವಿಜ್ಞಾನಿ, ಜೀವವಿಕಾಸ ಬಿಟ್ಟರೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವೇ ಇಲ್ಲ ಅಂತ 1973ರಲ್ಲಿ ಬರೆದವರು, ಅವರೂ ದೇವರನ್ನು ನಂಬಿದ ಕ್ರೈಸ್ತರೇ. ಮೇಷ್ಟ್ರು ಗದರಿಸಿದ ಮೇಲೆ ಹುಡುಗ ಇನ್ನೊಂದು ದಾರಿ ಹಿಡಿದ. "ಡಾರ್ವಿನ್ ಹೇಳ್ಯಾನ, ಮುಗೀತು." ಯಾಕೆ ಮುಗೀಬೇಕು? 1859ರಲ್ಲಿ ಜೀವವಿಕಾಸದ ಬಗ್ಗೆ ಡಾರ್ವಿನ್ ಪುಸ್ತಕ ಬಂದಾಗ ಗುಣಗಳು ತಂದೆತಾಯಿಯಿಂದ ಮಕ್ಕಳಿಗೆ ಹೇಗೆ ಬರುತ್ತವೆ ಅಂತ ಅವರಿಗೇ ಗೊತ್ತಿರಲಿಲ್ಲ. 1868ರಲ್ಲಿ ಅದಕ್ಕೊಂದು ವಿವರಣೆ ಕೊಟ್ಟರು, ಅದು ತಪ್ಪಾಯಿತು. ಬಟಾಣಿ ಗಿಡ ಇಟ್ಟುಕೊಂಡು ಸರಿಯಾದ ದಾರಿ ಹಿಡಿದವರು ಮೆಂಡೆಲ್. ಡಾರ್ವಿನ್ ಏನು ಋಷಿಯಲ್ಲ, ಅವರ ಮಾತು ನಿಂತಿರೋದು ಸಾಕ್ಷಿಯ ಮೇಲೆ.

ಅದಕ್ಕೇ ಸಾವ್ಕಾರ್ರ ಇನ್ನೊಂದು ಬಾಣವೂ ಗುರಿ ಮುಟ್ಟಲ್ಲ. ಡಾರ್ವಿನ್ ಸಾಯೋವಾಗ ಪಶ್ಚಾತ್ತಾಪ ಪಟ್ಟರು ಅನ್ನೋ ಕಥೆ ಅವರಿಗೆ ಬಲು ಇಷ್ಟ. ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ, ಲೇಡಿ ಹೋಪ್ ಅನ್ನೋರ ಹೆಸರಲ್ಲಿ ಈ ಕಥೆ ಅಚ್ಚಾದದ್ದು 1915ರಲ್ಲಿ. ಕೊನೇ ಗಳಿಗೆಯಲ್ಲಿ ಪಕ್ಕದಲ್ಲಿದ್ದ ಮಗಳು ಹೆನ್ರಿಯೆಟ್ಟಾ ಅದು ಸುಳ್ಳು ಅಂತ ಬರೆದಿದ್ದಾರೆ. ನಿಜವೇ ಆಗಿದ್ದರೂ ಏನು? ಅವರು ಅತ್ತರೆ ಕಲ್ಲಿನಲ್ಲಿರೋ ಪಳೆಯುಳಿಕೆ ಕರಗುತ್ತಾ?

ಸಾವ್ಕಾರ್ರಿಗೆ ನಾನು ಜಾಸ್ತಿ ಮಾರ್ಕ್ಸ್ ಕೊಡೋದು ದಶಾವತಾರದ ವಾದಕ್ಕೆ, ತಪ್ಪಾದರೂ ಅದರಲ್ಲಿ ಬುದ್ಧಿ ಇದೆ. ಮೊದಲು ಮೀನು, ಆಮೇಲೆ ಆಮೆ, ಆಮೇಲೆ ಹಂದಿ, ಅರ್ಧ ಸಿಂಹ ಅರ್ಧ ಮನುಷ್ಯ, ಕುಳ್ಳ ಮನುಷ್ಯ, "ನೋಡ್ರಿ, ನಮ್ಮೋರು ಡಾರ್ವಿನ್‌ಗಿಂತ ಮೊದ್ಲ ಹೇಳ್ಯಾರ." (ವಿಕಾಸ ಸುಳ್ಳು ಅನ್ನೋದೂ ಇವರೇ, ನಮ್ಮೋರು ಮೊದಲೇ ಕಂಡುಹಿಡಿದರು ಅನ್ನೋದೂ ಇವರೇ!) ಒಂದು ಕಲ್ಪ, ಅಂದರೆ ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ, ಅದನ್ನೂ ಸೇರಿಸುತ್ತಾರೆ. ಕೇಳೋಕೆ ಮೈ ಜುಮ್ ಅನ್ನುತ್ತೆ. ಆದರೆ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಗಾದೆ ಇದೆಯಲ್ಲ, ಇದು ಅದರ ಉಲ್ಟಾ. ಕೂಸು ಹುಟ್ಟಿದ ಮೇಲೆ ಅದರ ತಲೆ ಅಳೆದು, ಪೆಟ್ಟಿಗೆಯಿಂದ ಹೊಂದೋ ಕುಲಾವಿ ಹುಡುಕಿ ತೆಗೆದು, ನಮಗೆ ಮೊದಲೇ ಅಳತೆ ಗೊತ್ತಿತ್ತು ಅನ್ನೋದು. ಹೊಂದದ್ದನ್ನು ಪೆಟ್ಟಿಗೆಯಲ್ಲೇ ಬಿಡುತ್ತಾರೆ. ಹಕ್ಕಿ ಎಲ್ಲಿ, ಹುಳ ಎಲ್ಲಿ, ಪರಶುರಾಮನೂ ರಾಮನೂ ಎದುರುಬದುರು ನಿಂತದ್ದು ಹೇಗೆ, ಯಾರೂ ಕೇಳಲ್ಲ.

ನಿಜವಾಗಿ ಕೂಸಿಗಿಂತ ಮುಂಚೆ ಕುಲಾವಿ ಹೊಲಿದವರು ಬೇರೆ ಇದ್ದಾರೆ, ಪಳೆಯುಳಿಕೆ ಹುಡುಕೋ ವಿಜ್ಞಾನಿಗಳು. ಮೀನು ನೆಲಕ್ಕೆ ಹತ್ತಿದ್ದು ನಿಜವಾಗಿದ್ದರೆ ಅರ್ಧ ಮೀನಿನ ಹಾಗೆ, ಅರ್ಧ ಕಾಲಿನ ಪ್ರಾಣಿಯ ಹಾಗೆ ಇರೋದೊಂದು ಸುಮಾರು 37.5 ಕೋಟಿ ವರ್ಷ ಹಳೇ ಕಲ್ಲಿನಲ್ಲಿ ಸಿಗಬೇಕು ಅಂತ ಲೆಕ್ಕ ಹಾಕಿ, ಅಷ್ಟೇ ಹಳೇ ಕಲ್ಲು ಎಲ್ಲಿದೆ ಅಂತ ನಕ್ಷೆ ನೋಡಿ, ಕೆನಡಾದ ಉತ್ತರ ತುದಿಯ ಹಿಮದ ದ್ವೀಪಕ್ಕೆ ಹಲವು ಸಲ ಹೋದರು. 2004ರಲ್ಲಿ ಸಿಕ್ಕಿತು. ಟಿಕ್ಟಾಲಿಕ್ ಅಂತ ಹೆಸರು. ಮೀನಿನ ಹಾಗೆ ಪೊರೆ, ಆದರೆ ಕುತ್ತಿಗೆ ಇದೆ, ಈಜುರೆಕ್ಕೆ ಒಳಗೆ ಮಣಿಕಟ್ಟಿನಂಥ ಮೂಳೆ. ಅವತ್ತು ಧೈರ್ಯ ಮಾಡಿ ಇದನ್ನು ನಾನೇ ಹೇಳಿದೆ. ಸಾವ್ಕಾರ್ರು ಅರೆಕ್ಷಣ ಸುಮ್ಮನಿದ್ದು, "ಹಂಗಾದ್ರ ಮೊದ್ಲು ನಡುವ ಒಂದು ಸಂದಿ ಇತ್ತು, ಈಗ ಅದರ ಈ ಕಡೆ ಒಂದು, ಆ ಕಡೆ ಒಂದು, ಎರಡಾತಲ್ಲ" ಅಂದರು. ಇಡೀ ಅಂಗಡಿ ನಕ್ಕಿತು, ನಾನೂ ನಕ್ಕೆ. ಸೋತೆನೋ ಗೆದ್ದೆನೋ ಈಗಲೂ ಗೊತ್ತಿಲ್ಲ.

ಅದೇ ಹುರುಪಿನಲ್ಲಿ ಅವರು ಕಡಲೆ ಚೀಲ ಹರಿದ ಹಾಗೆ ಸುರಿಯೋಕೆ ಶುರು ಮಾಡಿದರು. ಕಣ್ಣು ಹೆಂಗಾತು, ಮೊದಲ ಜೀವ ಎಲ್ಲಿಂದ ಬಂತು, ಕೋಳಿ ಮೊದಲಾ ಮೊಟ್ಟೆ ಮೊದಲಾ, ಒಂದೇ ಉಸಿರಿಗೆ ಹತ್ತು. ಒಂದು ಪ್ರಶ್ನೆಗೆ ಹತ್ತು ಸೆಕೆಂಡ್, ಉತ್ತರಕ್ಕೆ ಹತ್ತು ನಿಮಿಷ, ಎದುರಿನವನು ಉಸಿರು ಕಟ್ಟಿ ಸಾಯಬೇಕು. ಅಮೆರಿಕದಲ್ಲಿ ಡುವೇನ್ ಗಿಶ್ ಅನ್ನೋರು ಸೃಷ್ಟಿವಾದದ (ಎಲ್ಲ ದೇವರೇ ಮಾಡಿದ ಅನ್ನೋ ವಾದದ) ಪರವಾಗಿ ಹೀಗೇ ವಾದ ಮಾಡುತ್ತಿದ್ದರು, 1994ರಲ್ಲಿ ಯೂಜಿನೀ ಸ್ಕಾಟ್ ಅನ್ನೋ ವಿಜ್ಞಾನಿ ಈ ಪ್ರಶ್ನೆಗಳ ಓಟಕ್ಕೆ 'ಗಿಶ್ ಗ್ಯಾಲಪ್' ಅಂತ ಅವರ ಹೆಸರನ್ನೇ ಇಟ್ಟರು. ಕೊನೆಗೆ ಸಾವ್ಕಾರ್ರು, "ಉತ್ತರ ಇಲ್ಲಲ್ಲ, ಹಂಗಾದ್ರ ಡಾರ್ವಿನ್ ತಪ್ಪು, ನಮ್ದ ಸರಿ" ಅಂದಾಗ ಬೆಂಚಿನ ತುದಿಯಲ್ಲಿದ್ದ ಭಾಯ್ ಒಬ್ಬರು ಅದಕ್ಕೆ ಸರಿಯಾದ ಮಾತು ಹೇಳಿದರು. "ಡಾರ್ವಿನ್ ಎದ್ದು ಹೋದ್ರ ಕುರ್ಚಿ ನಿಮಗ ಯಾಕ ಸಿಗಬೇಕು ಸಾವ್ಕಾರ್ರೇ, ಪಾಳಿ ನಂದೈತಿ." ಹೇಳಿದ್ದಕ್ಕೆ ಸರಿಯಾಗಿ ಎದ್ದು ಹೋಗಿ ಕೂತೇಬಿಟ್ಟರು, ಅವರ ಪಾಳಿಯೂ ಹೌದು.

ಒಂದು ಸ್ಟಾರ್ ಕಡಿಮೆ ಮಾಡಬೇಕು ಅನ್ನಿಸಿದ್ದು ಇದೇ ವಾದದಿಂದ. ಹೋದ ತಿಂಗಳು ನನಗೆ ಶೇವಿಂಗ್ ಮಾಡೋವಾಗ ರೆಪ್ ಹುಡುಗ ಕೂಗಿದ, ಕತ್ತರಿ ಹಿಡಿಯೋ ಅಣ್ಣ ಆ ಕಡೆ ತಿರುಗಿದರು, ಗದ್ದದ ಕೆಳಗೆ ಸಣ್ಣ ಗೀರು. ತಕ್ಷಣ ಪಟಿಕ ಉಜ್ಜಿದರು, ದುಡ್ಡು ತಗೊಳ್ಳಲಿಲ್ಲ, ಅದಕ್ಕೆ ಕತ್ತರಿಯ ಐದೂ ಹಾಗೇ ಬಿಟ್ಟಿದ್ದೇನೆ.

ಅವತ್ತು ಉರಿ ತಣಿಯಲಿ ಅಂತ ಮಾತಿಗೆ ಎಳೆದೆ. "ಅಣ್ಣಾ, ನೀವು ಯಾವ ಕಡೆ?" ಅವರು ನನ್ನ ತಲೆಯನ್ನು ಎರಡು ಬೆರಳಿನಲ್ಲಿ ಹಿಡಿದು, "ನೀವು ಸ್ವಲ್ಪ ಎಡಗಡಿ ತಿರುಗ್ರಿ" ಅಂದರು.

ಮಂಗಳವಾರ ರಜೆ. ವಾದ ಬೇಡ ಅನ್ನೋರು ಬುಧವಾರ ಬೆಳಿಗ್ಗೆ ಎಂಟಕ್ಕೆ ಹೋಗಿ, ಮೇಷ್ಟ್ರು ಒಬ್ಬರೇ ಇರುತ್ತಾರೆ.