ಡಬಲ್ ಮಾರ್ಕರ್ ರಿಪೋರ್ಟ್ ಬಂದರೆ ಮೊದಲು ನಿಮ್ಮ ವಯಸ್ಸು ಸರಿಯಿದೆಯಾ ನೋಡಿ

ಬಸುರಿಯರು ಮತ್ತು ಅವರ ಮನೆಯವರು ದಯವಿಟ್ಟು ಪೂರ್ತಿ ಓದಿ. ಕಳೆದ ವರ್ಷ ನಾವು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು.

ಹನ್ನೆರಡನೇ ವಾರದಲ್ಲಿ ಎನ್‌ಟಿ ಸ್ಕ್ಯಾನ್ ಆಯಿತು. ಮಗುವಿನ ಕತ್ತಿನ ಹಿಂದೆ ತುಂಬಿರುವ ನೀರನ್ನು ಅಳೆಯುವ ಸ್ಕ್ಯಾನ್ ಅದು. ಎಲ್ಲ ಚೆನ್ನಾಗಿದೆ ಅಂದರು. ಅದೇ ದಿನ, "ಒಂದು ಬ್ಲಡ್ ಟೆಸ್ಟ್ ಇದೆ, ಕೊಟ್ಟು ಹೋಗಿ" ಅಂದರು. ಯಾವುದಕ್ಕೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲ್ಯಾಬಿನ ಹುಡುಗಿ ಹುಟ್ಟಿದ ದಿನ, ತೂಕ ಕೇಳಿ ಬರೆದುಕೊಂಡಳು, ಅಷ್ಟೇ.

ಅದೇ ಡಬಲ್ ಮಾರ್ಕರ್, ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆ ಇರುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡುವ ಟೆಸ್ಟ್. ಶನಿವಾರ ಸಂಜೆ ವಾಟ್ಸಾಪ್‌ಗೆ ಅದರ ರಿಪೋರ್ಟ್ ಬಂತು. ಡೌನ್ ಸಿಂಡ್ರೋಮ್ (ಒಂದು ಕ್ರೋಮೋಸೋಮ್ ಹೆಚ್ಚಿದ್ದು ಮಗುವಿನ ಬುದ್ಧಿ, ಬೆಳವಣಿಗೆ ನಿಧಾನವಾಗುವ ಸ್ಥಿತಿ) ಎದುರಿಗೆ 1:190. ಪಕ್ಕದಲ್ಲಿ ಕೆಂಪಕ್ಷರದಲ್ಲಿ 'ಹೈ ರಿಸ್ಕ್'. ಆಸ್ಪತ್ರೆಗೆ ಫೋನ್ ಮಾಡಿದರೆ ಡಾಕ್ಟರ್ ಸೋಮವಾರ ಸಿಗ್ತಾರೆ ಅಂದರು. ಆ ಎರಡು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ದೊಡ್ಡಮ್ಮ ಫೋನಿನಲ್ಲೇ, "ಈಗಲೇ ತೆಗೆಸಿಬಿಡು, ತಡ ಮಾಡಿದರೆ ಕಷ್ಟ" ಅಂದರು. ಅವರು ಕೆಟ್ಟವರಲ್ಲ. ಹೆದರಿದ್ದರು.

1:190 ಅಂದರೆ ಏನು ಅಂತ ಅವತ್ತು ಒಬ್ಬರು ಹೇಳಿದ್ದರೆ ಸಾಕಿತ್ತು. ಇಂಥ ಫಲಿತಾಂಶ ಬಂದ 190 ಬಸುರಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, 189 ಜನರ ಮಗುವಿಗೆ ಇರುವುದಿಲ್ಲ. ಸಾಮಾನ್ಯವಾಗಿ 250ಕ್ಕೆ ಒಂದಕ್ಕಿಂತ ಜಾಸ್ತಿ ಬಂದರೆ 'ಹೈ ರಿಸ್ಕ್' ಅಂತ ಹಾಕುತ್ತಾರೆ. ಇದು ಬರೀ ಅಂದಾಜು. ಇದನ್ನಷ್ಟೇ ನಂಬಿ ಯಾರೂ ಮಗು ತೆಗೆಸಬೇಡಿ.

ಸೋಮವಾರ ಡಾಕ್ಟರ್, ಖಚಿತ ಮಾಡಿಕೊಳ್ಳಲು ಆಮ್ನಿಯೋ ಅನ್ನುವ ಸೂಜಿ ಪರೀಕ್ಷೆ ಮಾಡಿಸಿ ಅಂದರು. ಅದಕ್ಕೆ ಹದಿನಾರನೇ ವಾರದವರೆಗೆ ಕಾಯಬೇಕಾಯಿತು. ಸ್ಕ್ಯಾನ್ ನೋಡುತ್ತಾ ಹೊಟ್ಟೆಗೆ ಸೂಜಿ ಹಾಕಿ ಮಗುವಿನ ಸುತ್ತಲಿನ ನೀರು ತೆಗೆದರು. ತಿಳಿ ಹಳದಿ ನೀರು ಸಿರಿಂಜಿಗೆ ಏರುತ್ತಿದ್ದರೆ ನಾನು ಪರದೆಯಲ್ಲಿ ಮಗುವಿನ ಕೈಯನ್ನೇ ನೋಡುತ್ತಿದ್ದೆ. ಸೂಜಿಯ ಹತ್ತಿರ ಬರಬೇಡ ಕಂದ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಮೂರನೇ ದಿನ ಬಟ್ಟೆ ಒದ್ದೆಯಾಯಿತು. ನೀರು ಸೋರುತ್ತಿತ್ತು. ಬೇರೆ ಆಸ್ಪತ್ರೆಯಲ್ಲಿ ಆರು ದಿನ ಅಡ್ಮಿಟ್. ಅಲ್ಲಿನ ಹಿರಿಯ ಡಾಕ್ಟರಮ್ಮ ಫೈಲ್ ತಿರುವಿ ಹಾಕುತ್ತಾ, "ಏನಮ್ಮ, ನಿಮಗೆ ವಯಸ್ಸೆಷ್ಟು?" ಅಂದರು.

"28, ಮೇಡಂ."

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮೇಲ್ಗಡೆಯೇ, ನನ್ನ ಹೆಸರಿನ ಪಕ್ಕದಲ್ಲೇ ವಯಸ್ಸು 38 ಅಂತಿತ್ತು. ಟೈಪ್ ಮಾಡುವಾಗ 1996 ಹೋಗಿ 1986 ಆಗಿತ್ತು. ಈ ಲೆಕ್ಕ ಶುರುವಾಗುವುದೇ ತಾಯಿಯ ವಯಸ್ಸಿನಿಂದ. ಲ್ಯಾಬಿನವರಿಂದ ಮತ್ತೆ ಲೆಕ್ಕ ಹಾಕಿಸಿದರೆ ಬಂದದ್ದು 1:1100. ಆ ಸೂಜಿಯೇ ಬೇಕಿರಲಿಲ್ಲ. ನಾನು, ನನ್ನ ಗಂಡ, ಇಬ್ಬರು ಡಾಕ್ಟರು, ಎಲ್ಲರೂ ಕೆಂಪಕ್ಷರವನ್ನೇ ನೋಡಿದ್ದೆವು.

ಸೋರುವುದು ನಿಂತಿತು. ಆಮ್ನಿಯೋ ರಿಪೋರ್ಟ್ ನಾರ್ಮಲ್ ಬಂತು. ಮಗು ಈಗ ಪಕ್ಕದಲ್ಲೇ ಮಲಗಿದೆ.

ಟೆಸ್ಟೇ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಚಿಕ್ಕಮ್ಮನ ಮಗಳು, ಅವಳ ಗಂಡ ಇಬ್ಬರಿಗೂ ಥಲಸ್ಸೀಮಿಯಾ ಮೈನರ್, ಅಂದರೆ ವಂಶದಿಂದ ಬರುವ ಒಂದು ರಕ್ತದ ಕಾಯಿಲೆಯ ವಾಹಕರು. ಅಂಥವರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಮೇಜರ್, ಅಂದರೆ ಆ ಕಾಯಿಲೆಯ ತೀವ್ರ ರೂಪ, ಬರುವ ಸಾಧ್ಯತೆ. ಅವಳಿಗೆ ಸೂಜಿ ಪರೀಕ್ಷೆ ನಿಜಕ್ಕೂ ಬೇಕಿತ್ತು, ಮಾಡಿಸಿದ್ದು ಒಳ್ಳೆಯದೇ ಆಯಿತು. ಡಬಲ್ ಮಾರ್ಕರ್ ಥಲಸ್ಸೀಮಿಯಾವನ್ನು ನೋಡುವುದೇ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆ ಸೋದರಮಾವನನ್ನು, ಅತ್ತೆ ಮಗನನ್ನು ಮದುವೆಯಾಗುವುದು ಇದ್ದೇ ಇದೆ ಅಲ್ವಾ? ಅಂಥಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಕಾಯಿಲೆಯ ವಾಹಕರಾಗಿರುವ ಸಾಧ್ಯತೆ ಜಾಸ್ತಿ. ರಕ್ತಸಂಬಂಧದ ಮದುವೆ, ಮನೆತನದ ಕಾಯಿಲೆ, ಇದನ್ನೆಲ್ಲ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಹೈ ರಿಸ್ಕ್ ಬಂದರೆ ಎನ್‌ಐಪಿಟಿ ನಮಗೆ ಆಗುತ್ತಾ ಅಂತ ಕೇಳಿ. ತಾಯಿಯ ರಕ್ತದಲ್ಲಿ ಸೇರಿರುವ ಮಗುವಿನ ಡಿಎನ್‌ಎ ನೋಡುವ ಟೆಸ್ಟ್ ಅದು; ತಾಯಿಯ ರಕ್ತ ಮಾತ್ರ ಸಾಕು, ಹತ್ತನೇ ವಾರದಿಂದಲೇ ಮಾಡುತ್ತಾರೆ. ದುಬಾರಿ. ಅದರಲ್ಲೂ ತೊಂದರೆ ಕಂಡರೆ ಆಮ್ನಿಯೋದಂಥ ಸೂಜಿ ಪರೀಕ್ಷೆಯಿಂದಲೇ ಖಚಿತ ಮಾಡಿಕೊಳ್ಳಬೇಕು. ಆಮ್ನಿಯೋದಿಂದ ಗರ್ಭಪಾತವಾಗುವುದು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಮಾಡುವವರ ಕೈ ಎಷ್ಟು ಪಳಗಿದೆ ಅಂತ ಕೇಳಲು ಸಂಕೋಚ ಬೇಡ.

ವಯಸ್ಸು, ತೂಕ, ಎಷ್ಟನೇ ವಾರ, ಅವಳಿ ಮಕ್ಕಳಾ, ಐವಿಎಫ್ ಬಸಿರಾ, ಇವೆಲ್ಲ ಆ ಲೆಕ್ಕದಲ್ಲಿ ಸೇರುತ್ತವೆ. ರಕ್ತ ಕೊಡುವ ಮೊದಲು ಫಾರ್ಮ್ ಕೈಗೆ ಇಸಿದುಕೊಳ್ಳಿ. ಹುಟ್ಟಿದ ವರ್ಷವನ್ನು ನೀವೇ ದಪ್ಪಕ್ಷರದಲ್ಲಿ ಬರೆಯಿರಿ, ರಿಪೋರ್ಟ್ ಬಂದ ಮೇಲೆ ಅದನ್ನೇ ಮೊದಲು ಹುಡುಕಿ.