ಸೈಕಲ್ ಎಲ್ಲಿ ಹಚ್ಚೋದು? ಐದು ಥರದ ಸ್ಟ್ಯಾಂಡ್ ಬಳಸಿ ನೋಡಿದೆ

ವಿಜಯಪುರದಲ್ಲಿ ಸೈಕಲ್ ಹೊಡೆಯೋದು ಕಷ್ಟವಲ್ಲ. ಊರು ಸಪಾಟು, ಏರು ಕಡಿಮೆ. ಒಳ್ಳೊಳ್ಳೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆ ಬೇರೆ. ಕಷ್ಟ ಶುರುವಾಗೋದು ಇಳಿದ ಮೇಲೆ. ಕಾರಿಗೆ ಜಾಗ ಇದೆ, ಬೈಕಿಗೆ ಬಿಳಿ ಗೆರೆ ಎಳೆದಿದ್ದಾರೆ, ಸೈಕಲ್ ತಂದವನು ಮಾತ್ರ ಗಿಡ, ಕಂಬ, ಜನರೇಟರ್ ಪಕ್ಕದ ಸಂದಿ ಹುಡುಕಬೇಕು.

ಮನೆ, ಆಫೀಸು ಎರಡೂ ಸೇರಿ ಎರಡು ವರ್ಷದಲ್ಲಿ ಐದು ಥರದ ವ್ಯವಸ್ಥೆ ಬಳಸಿದ್ದೇನೆ. ಒಂದರಲ್ಲಿ ರಿಮ್ ಸೊಟ್ಟ ಆಯಿತು, ಒಂದರಲ್ಲಿ ಗಾಲಿನೇ ಹೋಯಿತು, ಒಂದರಲ್ಲಿ ನನ್ನ ಸೊಂಟ ಹಿಡಿಯಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಸ್ಟ್ಯಾಂಡ್ ಹಾಕಿಸುವ ಮಾತು ಬಂದಾಗ ಎಲ್ಲರೂ ನನ್ನನ್ನೇ ಕೇಳಿದರು. ಅಷ್ಟು ಕಳೆದುಕೊಂಡಿದ್ದೇನೆ, ಹೇಳೋ ಹಕ್ಕು ಇದೆ ಅಲ್ವಾ!

ಮೊದಲನೆಯದು ಆಫೀಸಿನದು, ಗಾಲಿ ಸಿಕ್ಕಿಸುವ ಸ್ಟ್ಯಾಂಡ್. ನೀವೂ ನೋಡಿರುತ್ತೀರಿ, ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಕಬ್ಬಿಣದ ಸಂದಿಗಳು, ಮುಂದಿನ ಗಾಲಿ ತೂರಿಸಿ ಬಿಟ್ಟರೆ ಮುಗಿಯಿತು. ಅಗ್ಗ, ಕಡಿಮೆ ಜಾಗದಲ್ಲಿ ಹತ್ತು ಹದಿನೈದು ಸೈಕಲ್ ಕೂರುತ್ತವೆ, ಅದಕ್ಕೇ ಎಲ್ಲ ಕಡೆ ಇದೇ. ಆದರೆ ಇಡೀ ಸೈಕಲ್ಲಿನ ಭಾರ ಒಂದು ತೆಳ್ಳನೆ ಗಾಲಿಯ ಮೇಲೆ. ಪಕ್ಕದವನು ತನ್ನದನ್ನು ಎಳೆಯುವಾಗ ಹ್ಯಾಂಡಲ್ ತಾಗಿದರೆ ಸಾಕು, ಒಂದರ ಮೇಲೊಂದು ಬೀಳುತ್ತವೆ. ಒಂದು ಸಂಜೆ ಬಂದು ನೋಡಿದರೆ ಆರು ಸೈಕಲ್ ಬಿದ್ದಿದ್ದವು, ನನ್ನದು ಎಲ್ಲಕ್ಕಿಂತ ಕೆಳಗೆ. ಎತ್ತಿ ಗಾಲಿ ತಿರುಗಿಸಿದೆ. ಪ್ರತಿ ಸುತ್ತಿಗೆ ಒಂದು ಸಲ ಬ್ರೇಕಿಗೆ ಉಜ್ಜಿ ಕರ್ ಅನ್ನುತ್ತಿತ್ತು. ಗಾಂಧಿ ಚೌಕದ ಹತ್ತಿರದ ಮಿಸ್ತ್ರಿ ಕಡ್ಡಿಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಾ, "ಗಾಲಿ ಹಿಡದ ನಿಲ್ಲಿಸಿದ್ರ ಗಾಲಿನೇ ಸೊಟ್ಟಾಗತೈತ್ರಿ ಸರ, ಬಾಡಿ ಹಿಡೀಬೇಕು" ಅಂದ. ಇನ್ನೊಂದು ತೊಂದರೆ, ಇದರಲ್ಲಿ ಮುಂದಿನ ಗಾಲಿಗೆ ಮಾತ್ರ ಕೀಲಿ ಹಾಕಲು ಬರುತ್ತದೆ. ಈಗಿನ ಎಷ್ಟೋ ಸೈಕಲ್ಲಿನ ಮುಂದಿನ ಗಾಲಿ ಕೈಯಿಂದಲೇ ಬಿಚ್ಚಿ ಬರುತ್ತದೆ. ಕಳ್ಳನಿಗೆ ಬೇಕಿದ್ದರೆ ಕೀಲಿ ಹಾಕಿದ ಗಾಲಿ ನಿಮಗೇ ಬಿಟ್ಟು, ಉಳಿದ ಸೈಕಲ್ ಹೊತ್ತುಕೊಂಡು ಹೋಗುತ್ತಾನೆ.

ಎರಡನೆಯದು ಮನೆಯ ಮೆಟ್ಟಿಲ ಕೆಳಗೆ, ರೇಲಿಂಗಿಗೆ ಕಟ್ಟೋದು. ಖರ್ಚಿಲ್ಲ, ನೆರಳಿದೆ, ಮಳೆ ತಾಗೋದಿಲ್ಲ. ಮಿಸ್ತ್ರಿಯ ಪಾಠ ನೆನಪಿತ್ತು, ಹಾಗಾಗಿ ಫ್ರೇಮಿಗೇ ಕೀಲಿ ಹಾಕಿದ್ದೆ. ಮುಂದಿನ ಗಾಲಿ ಸುಮ್ನೆ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಮೇಲಿನ ಮನೆಯ ಅಜ್ಜಿ ಕೂಗಿದರು, "ತಮ್ಮಾ, ನಿನ್ ಸೈಕಲ್ಲು ಯಾಕೋ ಮೊಣಕಾಲೂರಿ ಕುಂತೈತಿ!" ಹೋಗಿ ನೋಡಿದರೆ ನಿಜವಾಗಲೂ ಹಾಗೇ, ಮುಂದಿನ ಗಾಲಿ ಹಿಡಿಯುವ ಫೋರ್ಕಿನ ಎರಡು ತುದಿ ನೆಲಕ್ಕೆ ಊರಿ ನಮಸ್ಕಾರ ಮಾಡುತ್ತಿತ್ತು. ಮೆಟ್ಟಿಲ ಕೆಳಗಿನ ಜಾಗ ಯಾರ ಕಣ್ಣಿಗೂ ಬೀಳೋದಿಲ್ಲ, ಕಳ್ಳನಿಗೆ ಬೇಕಿರೋದೂ ಅದೇ. ಅಲ್ಲದೆ ಬೆಂಕಿ ಗಿಂಕಿ ಬಿದ್ದು ಜನ ಓಡಿ ಇಳಿಯುವಾಗ ದಾರಿಗೆ ಅಡ್ಡ. ಈ ಜಾಗಕ್ಕೆ ನನ್ನ ಓಟು ಇಲ್ಲವೇ ಇಲ್ಲ.

ಗೋಡೆಯ ಕೊಂಡಿ ನೋಡಲು ಬಹಳ ಚೆಂದ. ಬೇಸ್‌ಮೆಂಟಿನಲ್ಲಿ ನಾಲ್ಕು ಹಾಕಿಸಿದೆವು. ಮುಂದಿನ ಗಾಲಿ ಮೇಲೆ ಎತ್ತಿ ಸಿಕ್ಕಿಸಿದರೆ ಸೈಕಲ್ ನೆಟ್ಟಗೆ ನಿಲ್ಲುತ್ತದೆ. ಗೇರ್ ಸೈಕಲ್ ಇರೋ ಹುಡುಗರಿಗೆ ಸರಿ. ನನ್ನ ಹೆಂಡತಿಯ ಬುಟ್ಟಿ, ಕ್ಯಾರಿಯರ್, ಮಡ್‌ಗಾರ್ಡ್ ಇರೋ ಸೈಕಲ್ ಹದಿನೆಂಟು ಕೆಜಿ. ಒಂದು ಸಲ ಎತ್ತಿದಳು, "ಇನ್ನು ನೀವೇ ಎತ್ತಿ" ಅಂದಳು. ಮೂರು ದಿನ ಎತ್ತಿ ನಾನು ಬೆನ್ನಿಗೆ ಮುಲಾಮು ಹಚ್ಚಿಕೊಂಡು ಕೂತೆ. ಪೇಪರ್ ಹಾಕುವ ಕಾಕಾನ ಡಬಲ್ ಬಾರ್ ಸೈಕಲ್ ಅಂತೂ ಬಿಡಿ.

ಇನ್ನು ಜಾಳಿ ಕೋಣೆ. ಬೇಸ್‌ಮೆಂಟಿನ ಒಂದು ಮೂಲೆಗೆ ಕಬ್ಬಿಣದ ಜಾಳಿ ಹಾಕಿ ಬಾಗಿಲು ಇಟ್ಟು, ಸೈಕಲ್ ಇರೋರಿಗೆ ಮಾತ್ರ ಕೀಲಿ ಕೊಡೋದು. ರಾತ್ರಿ ಇಡಲು ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಆದರೆ ನಮ್ಮಲ್ಲಿ ಆರು ಅಡಿ ಎತ್ತರಕ್ಕೆ ಜಾಳಿ ನಿಲ್ಲಿಸಿ ದುಡ್ಡು ಮುಗೀತು ಅಂತ ಮೇಲೆ ಮುಚ್ಚಲೇ ಇಲ್ಲ. ಬಾರಾ ಕಮಾನ್ ನೋಡಿದ್ದೀರಲ್ವಾ, ಎರಡನೇ ಅಲಿ ಆದಿಲ್‌ಶಾಹನ ಗೋರಿ, ಕಮಾನು ಎದ್ದವು, ಗುಮ್ಮಟ ಬರಲೇ ಇಲ್ಲ, ಅದೇ ಕಥೆ. ಕ್ರಿಕೆಟ್ ಬಾಲ್ ಒಳಗೆ ಬಿತ್ತು ಅಂತ ಹತ್ತು ವರ್ಷದ ಹುಡುಗ ನನ್ನ ಎದುರಿಗೇ ಜಾಳಿ ಹತ್ತಿ ಇಳಿದು ವಾಪಸ್ ಬಂದ, ಎರಡು ನಿಮಿಷ ಹಿಡಿಯಲಿಲ್ಲ. ಆಮೇಲೆ ಕೀಲಿಯ ನಕಲು ಯಾರ್‍ಯಾರ ಹತ್ತಿರ ಹೋಯಿತೋ ಲೆಕ್ಕವಿಲ್ಲ. ವರ್ಷಗಟ್ಟಲೆ ಹವಾ ಕಾಣದ ಮಕ್ಕಳ ಸೈಕಲ್‌ಗಳು ಅರ್ಧ ಕೋಣೆ ತುಂಬಿದ್ದವು.

ಕೊನೆಯದು ಯು ಸ್ಟ್ಯಾಂಡ್, ನನ್ನ ಮೆಚ್ಚಿನದು. ಯು ಅಕ್ಷರವನ್ನು ತಲೆಕೆಳಗೆ ಮಾಡಿದ ಹಾಗೆ ಬಗ್ಗಿಸಿದ ಒಂದು ದಪ್ಪ ಪೈಪು, ಅಷ್ಟೇ. ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡ್, ಅದರ ಹೆಸರಿನಿಂದ ಶೆಫೀಲ್ಡ್ ಸ್ಟ್ಯಾಂಡ್ ಅಂತಲೂ ಕರೆಯುತ್ತಾರೆ. ಸೈಕಲ್ ಬಾಡಿಯೇ ಪೈಪಿಗೆ ಆನಿಕೊಳ್ಳುತ್ತದೆ, ಬೀಳೋದಿಲ್ಲ. ಒಂದು ಗಟ್ಟಿ ಕೀಲಿಯಲ್ಲಿ ಹಿಂದಿನ ಗಾಲಿ, ಫ್ರೇಮು, ಪೈಪು ಮೂರನ್ನೂ ಸೇರಿಸಿ ಹಾಕಬಹುದು, ಮುಂದಿನ ಗಾಲಿಗೆ ಒಂದು ತಂತಿ ಸುತ್ತಿದರೆ ಮುಗಿಯಿತು. ತಂತಿ ಕೀಲಿಯೊಂದನ್ನೇ ನಂಬಬೇಡಿ, ಕಟರ್ ಇದ್ದರೆ ಕಟ್ ಅನ್ನುವಷ್ಟರಲ್ಲಿ ಹೋಗುತ್ತದೆ.

ನಾವು ಎರಡು ಇಂಚಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ತಂದು ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಮಾಡಿಸಿದೆವು, ನಾಲ್ಕು ಸಾವಿರದ ಒಳಗೆ ಆಯಿತು. ಎತ್ತರ ಎರಡೂವರೆ ಅಡಿ. ಎರಡರ ನಡುವೆ ಒಂದು ಮೀಟರ್ ಬಿಟ್ಟೆವು, ಒಂದಕ್ಕೆ ಎರಡು ಕಡೆ ಎರಡು ಸೈಕಲ್. ಈ ಲೆಕ್ಕದಲ್ಲಿ ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಎರಡು ಕಾರು ಇರೋರು ಯಾಕೋ ಕೆಮ್ಮಿದರು. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ದಿನವೇ 17 ನಂಬರ್ ಪಾನಾ ತಂದು ತಿರುಗಿಸಿ ನೋಡಿದೆ, ಬೋಲ್ಟು ಬೆಣ್ಣೆಯ ಹಾಗೆ ಬಿಚ್ಚಿತು. ಸ್ಟ್ಯಾಂಡ್ ಸಮೇತ ಸೈಕಲ್ ಹೋಗುವ ವ್ಯವಸ್ಥೆ! ಮರುದಿನ ಬೋಲ್ಟಿನ ತಲೆಗಳಿಗೆ ವೆಲ್ಡಿಂಗ್ ಹೊಡೆಸಿದೆವು. ಹೊಸದಾಗಿ ಹಾಕಿಸುವವರು ಕಾಲುಗಳನ್ನೇ ಒಂದು ಅಡಿ ಕಾಂಕ್ರೀಟಿನಲ್ಲಿ ಹುಗಿಸಿ. ಪೈಪಿಗೆ ಹಳೆಯ ಟ್ಯೂಬ್ ಸುತ್ತಿದರೆ ಬಣ್ಣ ಕೆರೆಯೋದಿಲ್ಲ.

ಜಾಗ ಮಾತ್ರ ಜಗಳಕ್ಕೆ ಬಂತು. ಕೆಲವರು ಹಿತ್ತಲ ಗೋಡೆ ಕಡೆ ಹಾಕಿ ಅಂದರು, ಚೆಂದ ಕಾಣೋದಿಲ್ಲ ಅಂತ. ನಾನು ಹಟ ಹಿಡಿದು ಗೇಟಿನ ಒಳಗೆ, ವಾಚ್‌ಮನ್ ಕಾಕಾ ಕುರ್ಚಿ ಹಾಕಿ ಕೂರುವ ಜಾಗದ ಎದುರಿಗೇ ಹಾಕಿಸಿದೆ. ಮೇಲೆ ತಗಡು ಬೇಕೇ ಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ, 40 ಡಿಗ್ರಿ ದಾಟಿದ ದಿನ, ಮಧ್ಯಾಹ್ನ ಎರಡಕ್ಕೆ ಸೀಟಿನ ಮೇಲೆ ಕೂತು ನೋಡಿ, ನಾನು ಬಿಡಿಸಿ ಹೇಳೋದು ಬೇಡ. ಟೈರಿನ ರಬ್ಬರೂ ಬಿರುಕು ಬಿಡುತ್ತದೆ.

ಈಗ ನಮ್ಮಲ್ಲಿ ಹಗಲು ಬಂದು ಹೋಗುವವರಿಗೆ ಗೇಟಿನ ಯು ಸ್ಟ್ಯಾಂಡ್, ರಾತ್ರಿಗೆ ಜಾಳಿ ಕೋಣೆ. ಕೋಣೆಯ ಮೇಲ್ಭಾಗ ಮುಚ್ಚಿಸಿ ಒಳಗೂ ಯು ಸ್ಟ್ಯಾಂಡ್ ಕೂರಿಸೋದು ಬಾಕಿ. ಕೊಂಡಿಗಳಿಗೆ ಯಾರೋ ಛತ್ರಿ ನೇತುಹಾಕಿದ್ದಾರೆ. ಹೊಸ ತಲೆನೋವು ಒಂದಿದೆ, ಮೊನ್ನೆಯಿಂದ ಎರಡು ಯು ಸ್ಟ್ಯಾಂಡಿನ ನಡುವೆ ಯಾರೋ ಸ್ಕೂಟಿ ತಂದು ಹಚ್ಚುತ್ತಿದ್ದಾರೆ, ನೆರಳು ಚೆನ್ನಾಗಿದೆಯಂತೆ. ಮುಂದೆ ಒಂದು ಗಿಡ್ಡ ಕಂಬ ಹುಗಿಸಬೇಕು, ಸೈಕಲ್ ದಾಟಬೇಕು, ಸ್ಕೂಟಿ ನುಗ್ಗಬಾರದು. ಅಳತೆ ತಗೊಳ್ಳೋಕೆ ಭಾನುವಾರ ವೆಲ್ಡಿಂಗಿನವನು ಬರುತ್ತೇನೆ ಅಂದಿದ್ದಾನೆ.